ಗದಾಯುದ್ಧದಲ್ಲಿ ಗದೆಗಿಂತ ನಡಿಗೆಯೇ ಜಾಸ್ತಿ

ನಮಸ್ಕಾರ ಎಲ್ಲರಿಗೂ. ಈ ವಾರ ಟ್ರಿಪ್ ಇಲ್ಲ, ಊಟದ ವಿಡಿಯೊ ಇಲ್ಲ, ಬರೀ ರನ್ನ. ಎಂ.ಎ. ಕನ್ನಡದ ಈ ಸೆಮಿಸ್ಟರ್‌ನಲ್ಲಿ ನಮಗೆ ಗದಾಯುದ್ಧ ಪಠ್ಯ. ಸ್ಕ್ರೀನ್ ಮೇಲೆ ಕಾಣುತ್ತಿರುವ, ಪೆನ್ಸಿಲ್ ಗೀಟುಗಳಿಂದ ತುಂಬಿಹೋಗಿರುವ ಪುಸ್ತಕ ನನ್ನದೇ.

ಎಸ್ಸೆಸ್ಸೆಲ್ಸಿಯಲ್ಲಿ ‘ಛಲಮನೆ ಮೆರೆವೆಂ’ ಓದಿದವರು ನಿಮ್ಮಲ್ಲಿ ತುಂಬಾ ಜನ ಇರುತ್ತೀರಿ. ಆಗ ಅದು ನಮಗೆ ಕಂಠಪಾಠದ ಪದ್ಯ, ಅಷ್ಟೇ. ಈಗ ಪೂರ್ತಿ ಕಾವ್ಯವನ್ನು ಕೈಗೆ ತೆಗೆದುಕೊಂಡಾಗ ಮೊದಲು ಬಂದದ್ದು ಸಿಟ್ಟು. ಹೆಸರು ಗದಾಯುದ್ಧ, ಹತ್ತು ಆಶ್ವಾಸ, ಆದರೆ ಗದೆಗೆ ಗದೆ ತಾಗುವ ಹೊತ್ತಿಗೆ ಪುಸ್ತಕ ಮುಗಿಯುತ್ತಾ ಬಂದಿರುತ್ತದೆ. ಅಲ್ಲಿಯವರೆಗೆ ಏನು? ಹೊಗಳಿಕೆ ಇದೆ, ಬೇಕಾದಷ್ಟಿದೆ. ರನ್ನನಿಗೆ ಆಶ್ರಯ ಕೊಟ್ಟವನು ಚಾಲುಕ್ಯರ ಸತ್ಯಾಶ್ರಯ, 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ರಾಜ್ಯ ಕಟ್ಟಿದ ತೈಲಪನ ಮಗ. ಅವನನ್ನೇ ಭೀಮ ಅಂದುಕೊಂಡು ಬರೆದ ಕಾವ್ಯ ಇದು, ಇದರ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಪಂಪ 941ರಲ್ಲಿ ಅರಿಕೇಸರಿಯನ್ನು ಅರ್ಜುನ ಮಾಡಿದ್ದ, ಇವನು ತನ್ನ ರಾಜನನ್ನು ಭೀಮ ಮಾಡಿದ. ಆ ಹೊಗಳಿಕೆಯ ಪದ್ಯಗಳನ್ನು ನಾನು ಬೇಗ ಬೇಗ ದಾಟಿಸಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ನಡುವೆ ಒಂದು ನಡಿಗೆ ಬರುತ್ತದೆ. ಅಲ್ಲಿ ನಿಂತುಬಿಟ್ಟೆ.

ಯುದ್ಧ ಹೆಚ್ಚುಕಡಿಮೆ ಮುಗಿದಿದೆ. ಧೃತರಾಷ್ಟ್ರ, ಗಾಂಧಾರಿ ಬಂದು ಸಂಧಿ ಮಾಡಿಕೋ ಮಗನೇ ಎನ್ನುತ್ತಾರೆ, ದುರ್ಯೋಧನ ಒಪ್ಪುವುದಿಲ್ಲ. ಶರಶಯ್ಯೆಯ ಮೇಲಿರುವ ಭೀಷ್ಮನನ್ನು ನೋಡಲು ಸಂಜಯನ ಜೊತೆ ಹೊರಡುತ್ತಾನೆ. ದಾರಿ ಇರುವುದು ರಣರಂಗದ ನಡುವೆಯೇ. ಅಂದರೆ ತನ್ನ ಮಾತಿಗಾಗಿ ಸತ್ತವರ ಹೆಣಗಳನ್ನು ದಾಟಿಕೊಂಡೇ ಅವನು ಹೋಗಬೇಕು. ಮೊದಲು ದ್ರೋಣ, ಆಮೇಲೆ ಒಬ್ಬೊಬ್ಬರೇ ಸಿಗುತ್ತಾರೆ.

ಅಭಿಮನ್ಯು ಸಿಗುತ್ತಾನೆ. ಶತ್ರುವಿನ ಮಗ, ಮೋಸದಿಂದ ಕೊಂದ ಹುಡುಗ. ದುರ್ಯೋಧನ ಕೈ ಮುಗಿದು, ನಿನ್ನ ಪರಾಕ್ರಮ ಬೇರೆಯವರಿಗೆ ಸಾಧ್ಯವಿಲ್ಲ, ಅದರ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಸ್ವಂತ ಮಗ ಲಕ್ಷಣಕುಮಾರ ಸಿಗುತ್ತಾನೆ. ಮಗ ಅಪ್ಪನಿಗೆ ತರ್ಪಣ ಬಿಡಬೇಕು, ನಾನು ನಿನಗೆ ಬಿಡುವಂತಾಯಿತಲ್ಲ, ಕ್ರಮ ತಪ್ಪಿಸಿದೆಯಲ್ಲ ಮಗನೇ ಎನ್ನುತ್ತಾನೆ. ದುಶ್ಶಾಸನನ ಹತ್ತಿರ ಬಂದಾಗ ಇದೇ ಮಾತು ಇನ್ನೂ ಆಳಕ್ಕೆ ಇಳಿಯುತ್ತದೆ. ಅಮ್ಮನ ಹಾಲನ್ನು ಮೊದಲು ಕುಡಿದದ್ದು ನಾನು, ಆಮೇಲೆ ನೀನು, ಊಟದಲ್ಲೂ ಮೊದಲು ನಾನು ಆಮೇಲೆ ನೀನು, ಚಿಕ್ಕಂದಿನಿಂದ ಒಂದು ಸಲವೂ ನೀನು ವಿನಯ ಮೀರಿದವನಲ್ಲ, ಸಾಯುವುದರಲ್ಲಿ ಮಾತ್ರ ಯಾಕೆ ನನಗಿಂತ ಮುಂದೆ ಹೋದೆ? ನನಗೆ ಒಬ್ಬ ತಮ್ಮ ಇದ್ದಾನೆ. ಹಾಸ್ಟೆಲಿನಲ್ಲಿ ಇದನ್ನು ಜೋರಾಗಿ ಓದುತ್ತಿದ್ದವನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಜೋರಾಗಿ ಓದಿದ್ದು ಬೇಕಂತಲೇ. ಹಳಗನ್ನಡ ಕಣ್ಣಿಗೆ ಕಷ್ಟ, ಕಿವಿಗೆ ಅಷ್ಟು ಕಷ್ಟ ಇಲ್ಲ. ಕಂದಪದ್ಯದ ತಾಳ ನಾಲ್ಕು ನಾಲ್ಕು ಮಾತ್ರೆಗೆ ಬೀಳುತ್ತದೆ, ಅದು ನಾಲಿಗೆಗೆ ಹತ್ತಿದರೆ ಪದ ಎಲ್ಲಿ ಮುರಿಯಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತಾ ಹೋಗುತ್ತದೆ. ‘ನೀನುಳ್ಳೊಡುಂಟು ರಾಜ್ಯಂ’ ಎಂದು ಕರ್ಣನ ಮುಂದೆ ಅವನು ಶುರು ಮಾಡುವ ಪದ್ಯವನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ಟಿಪ್ಪಣಿ ಬೇಕಾಗುವುದಿಲ್ಲ.

ಕೊನೆಗೆ ಭೀಷ್ಮನೂ ಸಂಧಿಯ ಮಾತನ್ನೇ ಎತ್ತುತ್ತಾನೆ. ಆಗ ಬರುತ್ತದೆ ನಮ್ಮ ಎಸ್ಸೆಸ್ಸೆಲ್ಸಿ ಪದ್ಯ: ನಾನು ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ? ಛಲಕ್ಕಾಗಿ. ಈ ನೆಲ ನನಗೆ ಪಾಳುನೆಲ, ಕರ್ಣನನ್ನು ಕೊಲ್ಲಿಸಿದ ನೆಲದ ಜೊತೆ ಮತ್ತೆ ಬಾಳಲೇ? ಶಾಲೆಯಲ್ಲಿ ಇದನ್ನು ಹಠಮಾರಿಯ ಮಾತು ಎಂದು ಓದಿದ್ದೆವು. ಅಷ್ಟು ಹೆಣ ದಾಟಿ ಬಂದ ಮೇಲೆ ಓದಿದರೆ ಬೇರೆಯೇ ಕೇಳಿಸುತ್ತದೆ. ರಾಜ್ಯ ಯಾರ ಜೊತೆ ಆಳಬೇಕಿತ್ತೋ ಅವರು ಯಾರೂ ಇಲ್ಲ. ಹಾಗಂತ ಅವನು ಒಳ್ಳೆಯವನಾಗಿಬಿಟ್ಟ ಎಂದು ನಾನು ಹೇಳುತ್ತಿಲ್ಲ. ದ್ರೌಪದಿಯ ಮುಡಿ ಹಿಡಿಸಿದವನು ಅವನೇ, ರನ್ನ ಅದನ್ನೂ ಮರೆಯಲು ಬಿಡುವುದಿಲ್ಲ.

ಈಗ ಕಾಣುತ್ತಿರುವುದು ಹಿಂದೊಮ್ಮೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ತೆಗೆದ ಕ್ಲಿಪ್. ಇದು ಆತಕೂರಿನ ಕಲ್ಲು, ಮದ್ದೂರು ಕಡೆಯದು. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಭಟ ಮಣಲೇರ ಚೆನ್ನಾಗಿ ಕಾದಿದ್ದ. ಏನು ಬೇಕೋ ಕೇಳು ಎಂದರೆ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ನಾಯಿಯ ಹೆಸರಲ್ಲಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಪೂಜಾರಿಗೆ ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ್ದಾರೆ. ರನ್ನ ಮುದುವೊಳಲಲ್ಲಿ, ಅಂದರೆ ಈಗಿನ ಮುಧೋಳದಲ್ಲಿ, ಬಳೆ ಮಾರುವವರ ಮನೆಯಲ್ಲಿ ಹುಟ್ಟಿದ್ದೂ 949ರಲ್ಲೇ.

ಅಂಥ ಕಾಲ ಅದು. ಊರೂರಲ್ಲಿ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಎಲ್ಲಕ್ಕಿಂತ ಮೇಲೆ ದೇವರ ಸನ್ನಿಧಿ. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ರಣದಲ್ಲಿ ಸಾಯುವುದಕ್ಕೆ ಯಾಕೆ ಚಿಂತೆ ಎನ್ನುವ ಸಂಸ್ಕೃತ ಶ್ಲೋಕ ಎಷ್ಟೋ ಕಲ್ಲುಗಳ ಮೇಲಿದೆ. ಇವನ್ನು ನೋಡಿಕೊಂಡೇ ಬೆಳೆದಿರಬೇಕಾದ ಕವಿ ತನ್ನ ಕಾವ್ಯದ ಅತಿ ಒಳ್ಳೆಯ ಪದ್ಯಗಳನ್ನು ಕೆಳಗಿನ ಪಟ್ಟಿಕೆಯಲ್ಲೇ ಬಿಟ್ಟಿದ್ದಾನೆ ಅನ್ನುವುದು ನನಗೆ ಕಂಡ ವಿಷಯ. ಮೇಲೆ ಎತ್ತಿಕೊಂಡು ಹೋಗುವವರ ಮಾತು ಆ ನಡಿಗೆಯಲ್ಲಿ ಮುಖ್ಯವೇ ಆಗುವುದಿಲ್ಲ. ಹೆಣ ಇದೆ, ಅದರ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕಾದವನು ಇದ್ದಾನೆ. ರಾಜನನ್ನು ಹೊಗಳಲು ಕೂತವನು ಇದನ್ನು ಬರೆದ, ಆಸ್ಥಾನದಲ್ಲಿ ಓದಿಸಿಕೊಂಡೂ ಇದ್ದಿರಬಹುದು. ಧೈರ್ಯ ಅಂದರೆ ಇದು ಅಲ್ವಾ?

ಭೀಮನನ್ನೂ ಮರೆಯಬಾರದು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ದಡದ ಮೇಲಿನ ಅವನ ಕೂಗು ಕೇಳಿ ‘ನೀರೊಳಗಿರ್ದುಂ ಬೆಮರ್ತನ್’, ಅಂದರೆ ನೀರಲ್ಲಿದ್ದೂ ಬೆವರಿದ. ಸಿನಿಮಾದಲ್ಲಾದರೆ ಇಲ್ಲಿ ಸೀಟಿ ಬೀಳಬೇಕು.

ಮುಂದಿನ ವಾರ ನನ್ನ ಸೆಮಿನಾರ್, ವಿಷಯ ಮಾಮೂಲಿ: ಗದಾಯುದ್ಧದ ನಾಯಕ ಯಾರು? ಬಿ.ಎಂ.ಶ್ರೀ ಇದನ್ನು ನಾಟಕ ಮಾಡಿದಾಗ ದುರ್ಯೋಧನನನ್ನು ದುರಂತ ನಾಯಕನ ಜಾಗದಲ್ಲಿ ನಿಲ್ಲಿಸಿದರು, ಅಲ್ಲಿಂದ ಈ ಜಗಳ ನಿಂತಿಲ್ಲ. ಪರೀಕ್ಷೆಯಲ್ಲಿ ಭೀಮ ಎಂದೇ ಬರೆಯುತ್ತೇನೆ, ಕವಿಯೇ ಹಾಗೆ ಹೇಳಿದ್ದಾನೆ, ಅಂಕವೂ ಬೇಕು. ಸೆಮಿನಾರಿನಲ್ಲಿ ಮಾತ್ರ ನಾಯಕನ ಪ್ರಶ್ನೆ ಬದಿಗಿಟ್ಟು ಆ ನಡಿಗೆಯ ಪದ್ಯಗಳನ್ನೇ ಓದಿಸುತ್ತೇನೆ. ದ್ರೋಣನಿಂದ ಶುರು ಮಾಡಲೋ, ನೇರವಾಗಿ ದುಶ್ಶಾಸನನ ಹತ್ತಿರ ಹೋಗಲೋ ಇನ್ನೂ ತೀರ್ಮಾನ ಆಗಿಲ್ಲ, ಕಾಮೆಂಟಿನಲ್ಲಿ ಹೇಳಿ.