ನೀವು ಮಗುವಿಗೆ ಏನಾಗಬೇಕು?

ರಾತ್ರಿ ಎರಡು ಗಂಟೆ. ಸಿಸೇರಿಯನ್ ಆಗಿ ಹೆತ್ತವಳಿಗೆ ಇನ್ನೂ ಮಂಪರು ಇಳಿದಿಲ್ಲ. ಮಗು ಸರಿಯಾಗಿ ಉಸಿರಾಡುತ್ತಿಲ್ಲ ಅಂತ ಎನ್‌ಐಸಿಯುಗೆ ಒಯ್ದಿದ್ದಾರೆ. ನರ್ಸ್ ಒಂದು ಫಾರಂ ಹಿಡಿದು ಹೊರಗೆ ಬಂದು, "ಮಗುವಿನ ಕಡೆಯವರು ಯಾರು?" ಅಂತ ಕೇಳ್ತಾರೆ. ಪ್ರತಿ ಸ್ಕ್ಯಾನಿಗೂ ಜೊತೆಗೆ ಹೋದವಳು, ಆ ಮಗುವಿಗೆ ಹೆಸರು ಹುಡುಕಿದವಳು ಎದ್ದು ನಿಲ್ತಾಳೆ. ಮುಂದಿನ ಪ್ರಶ್ನೆ: "ನೀವು ಮಗುವಿಗೆ ಏನಾಗಬೇಕು?"

ಈ ಪ್ರಶ್ನೆಗೆ ನಮ್ಮ ದೇಶದ ಕಾನೂನಿನಲ್ಲಿ ಅವಳಿಗೆ ಉತ್ತರವಿಲ್ಲ.

ನಮಸ್ಕಾರ. ಮಗು ಬೇಕು ಅಂದುಕೊಂಡಿರುವ ಹೆಣ್ಣು ಜೋಡಿಗಳಿಗಾಗಿ ಈ ಸಂಚಿಕೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬ್ರಿಟನ್, ಅಮೆರಿಕದವು. ಅಲ್ಲಿನ ಜೋಡಿಗಳು ಯಾವ ಕ್ಲಿನಿಕ್, ಯಾವ ದಾನಿ ಅಂತ ಶುರು ಮಾಡಬಹುದು. ಇಲ್ಲಿ ಹಾಗೆ ಶುರು ಮಾಡಿದರೆ ಎಡವುತ್ತೀರಿ. ಬೆಂಗಳೂರಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ನನ್ನ ಮಾತು ಒಂದೇ: ಮೊದಲು ಕಾಗದಪತ್ರ, ಆಮೇಲೆ ಇಂಜೆಕ್ಷನ್. ಬಸುರಿಯಾದ ಮೇಲೆ ವಕೀಲರನ್ನು ಹುಡುಕೋದಲ್ಲ, ಮೊದಲೇ ಹುಡುಕಬೇಕು.

ಕಾನೂನು ಎಲ್ಲಿಗೆ ಬಂದು ನಿಂತಿದೆ ನೋಡೋಣ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಅಂತು. 2023ರ ಅಕ್ಟೋಬರ್ 17ಕ್ಕೆ ಅದೇ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಮದುವೆ ಇಲ್ಲ ಅಂದಮೇಲೆ ಮಗು ಪಡೆಯಲು ನೆರವಾಗುವ ಚಿಕಿತ್ಸೆಗಳ (ಎಆರ್‌ಟಿ) 2021ರ ಕಾಯ್ದೆಯ ಕಣ್ಣಲ್ಲಿ ನೀವಿಬ್ಬರೂ ದಂಪತಿ ಅಲ್ಲ. ಆದರೆ ಅದೇ ಕಾಯ್ದೆ ದಂಪತಿಯ ಜೊತೆಗೆ "ಮಹಿಳೆ" ಅನ್ನೋದನ್ನೂ ಬೇರೆಯಾಗಿ ವ್ಯಾಖ್ಯಾನಿಸಿದೆ: 21 ವರ್ಷ ದಾಟಿ ಎಆರ್‌ಟಿ ಕ್ಲಿನಿಕ್ಕಿಗೆ ಬರುವ ಯಾವುದೇ ಹೆಣ್ಣು. ಚಿಕಿತ್ಸೆಗೆ ಮೇಲಿನ ಮಿತಿ 50 ವರ್ಷ. ಗಂಡ ಇರಬೇಕು ಅಂತ ಅಲ್ಲಿ ಎಲ್ಲೂ ಹೇಳಿಲ್ಲ. ನಿಮಗಿರುವ ಬಾಗಿಲು ಇದೊಂದೇ. ನಿಮ್ಮಲ್ಲಿ ಒಬ್ಬಳು ಒಂಟಿ ಮಹಿಳೆಯಾಗಿ ಒಳಗೆ ಹೋಗ್ತಾಳೆ, ಇನ್ನೊಬ್ಬಳು ದಾಖಲೆಯಲ್ಲಿ ಇರೋದೇ ಇಲ್ಲ. ಬಾಡಿಗೆ ತಾಯ್ತನದ ದಾರಿಯಂತೂ ಮುಚ್ಚಿದೆ. ಒಂಟಿ ಹೆಂಗಸರಲ್ಲಿ 35ರಿಂದ 45 ವರ್ಷದ ವಿಧವೆ, ವಿಚ್ಛೇದಿತೆಯರಿಗೆ ಮಾತ್ರ ಅದು.

ಒಂದು ಎಚ್ಚರಿಕೆ. ನಿಮ್ಮಲ್ಲಿ ಒಬ್ಬಳಿಗೆ ಮನೆಯವರು ಮದುವೆ ಮಾಡಿಸಿದ್ದು, ಅವಳು ಅಲ್ಲಿಂದ ಹೊರಬಂದಿದ್ದರೂ ಡೈವೋರ್ಸ್ ಆಗದೇ ಇದ್ದರೆ, ಹೆರೋದು ಅವಳಾಗಬಾರದು. ಮದುವೆ ಊರ್ಜಿತವಾಗಿರುವಾಗ ಹುಟ್ಟಿದ ಮಗುವಿಗೆ ಗಂಡನೇ ತಂದೆ ಅಂತ ಕಾನೂನು ಎಣಿಸುತ್ತೆ. ಮದುವೆ ಮುರಿದು 280 ದಿನಗಳೊಳಗೆ ಹುಟ್ಟಿದರೂ ಅಷ್ಟೇ. ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಕಲಂ ಅದು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 116. ಎಷ್ಟೋ ವರ್ಷದಿಂದ ಮುಖ ನೋಡದ ಗಂಡ ನಾಳೆ ಬಂದು ಮಗು ನನ್ನದು ಅನ್ನಬಹುದು. ಡೈವೋರ್ಸ್ ಡಿಕ್ರಿ ಕೈಗೆ ಬರೋವರೆಗೆ ಕಾಯಿರಿ, ಹೆರಿಗೆಯೂ ಅದಾದ 280 ದಿನಗಳ ಆಚೆಗೇ ಬೀಳುವ ಹಾಗೆ ನೋಡಿಕೊಳ್ಳಿ.

ಹಾಗಾದರೆ ಯಾರು ಹೆರಬೇಕು? ಯಾರಿಗೆ ಆಸೆ ಹೆಚ್ಚು ಅನ್ನೋದರ ಮೇಲೆ ಮಾತ್ರ ತೀರ್ಮಾನ ಮಾಡಬೇಡಿ. ಇಬ್ಬರೂ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಎಎಂಎಚ್, ಥೈರಾಯ್ಡ್‌ಗೆ ಟಿಎಸ್‌ಎಚ್, ಸಕ್ಕರೆ, ಹಿಮೋಗ್ಲೋಬಿನ್, ರಕ್ತದ ಗುಂಪು, ತಲಸ್ಸೀಮಿಯಾ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ರುಬೆಲ್ಲಾ. ಮುಟ್ಟಿನ ಎರಡು ಮೂರನೇ ದಿನ ಒಂದು ಸ್ಕ್ಯಾನ್ ಮಾಡಿಸಿದರೆ ಅಂಡಾಶಯದಲ್ಲಿ ಸಣ್ಣ ಕೋಶಗಳು ಎಷ್ಟಿವೆ ಅಂತ ಎಣಿಸ್ತಾರೆ. ಎಎಂಎಚ್ ಕಡಿಮೆ ಬಂತು ಅಂತ ಕುಸಿದು ಕೂರಬೇಡಿ. ಅದು ಅಂಡಾಣುಗಳ ಸಂಖ್ಯೆಯ ಅಂದಾಜು ಕೊಡುತ್ತೆ, ಅವುಗಳ ಗುಣ ಹೇಳೋದು ವಯಸ್ಸು. ರುಬೆಲ್ಲಾಗೆ ರೋಗನಿರೋಧಕ ಶಕ್ತಿ ಇಲ್ಲದಿದ್ದರೆ ಲಸಿಕೆ ಹಾಕಿಸಿ, ಅದಾದ ಮೇಲೆ ಒಂದು ತಿಂಗಳು ಗರ್ಭಕ್ಕೆ ಪ್ರಯತ್ನಿಸಬಾರದು. ಬಸುರಾಗುವವಳು ಒಂದರಿಂದ ಮೂರು ತಿಂಗಳು ಮುಂಚೆಯೇ ಫೋಲಿಕ್ ಆಸಿಡ್ ಶುರು ಮಾಡಬೇಕು, ದಿನಕ್ಕೆ 400 ಮೈಕ್ರೋಗ್ರಾಂ. ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್ ಮಾತ್ರೆ ತಗೊಳ್ತಿದ್ದರೆ ಸಾಮಾನ್ಯವಾಗಿ 5 ಮಿಲಿಗ್ರಾಂ ಬೇಕಾಗುತ್ತೆ, ಅದನ್ನು ವೈದ್ಯರು ಬರೆದುಕೊಡಬೇಕು.

ಕೆಲಸದ ಲೆಕ್ಕವನ್ನೂ ಮರೆಯಬೇಡಿ. ಹೆರಿಗೆ ಸೌಲಭ್ಯದ ಕಾನೂನು ಮದುವೆಯಾಗಿದೆಯಾ ಅಂತ ಕೇಳಲ್ಲ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಅದು ಹೆತ್ತವಳಿಗೆ ಮಾತ್ರ. ಇನ್ನೊಬ್ಬಳಿಗೆ ಕಂಪನಿ ತಾನಾಗಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆಯಾ ಕಂಪನಿಯ ಪಾಲಿಸಿಯನ್ನು ಈಗಲೇ ಓದಿಟ್ಟುಕೊಳ್ಳಿ.

ಇನ್ನು ದಾನಿಯ ವಿಷಯ. "ನನ್ನ ಸಂಗಾತಿಯ ಅಣ್ಣನ ವೀರ್ಯ ತಗೊಂಡರೆ ಮಗುವಿನಲ್ಲಿ ಇಬ್ಬರ ರಕ್ತವೂ ಇರುತ್ತಲ್ಲ?" ಅನ್ನೋ ಆಸೆ ಬಹಳ ಸಹಜ. ಆದರೆ ದಾನಿಯ ವೀರ್ಯವನ್ನು ಸಂಗ್ರಹಿಸೋದು, ಪರೀಕ್ಷಿಸೋದು, ಶೇಖರಿಸೋದು ನೋಂದಾಯಿತ ಎಆರ್‌ಟಿ ಬ್ಯಾಂಕೇ ಆಗಿರಬೇಕು, ದಾನಿ ಅನಾಮಿಕ. ಹಾಗಾಗಿ ಅಣ್ಣನನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋಗೋ ಹಾಗಿಲ್ಲ. ಆಗ ಕೆಲವರು ಮನೆಯಲ್ಲೇ ಸೂಜಿ ಇಲ್ಲದ ಸಿರಿಂಜಿನಲ್ಲಿ ಪ್ರಯತ್ನ ಮಾಡೋಣ ಅಂತಾರೆ. ಬೇಡ ಅಂತಲೇ ನಾನು ಹೇಳೋದು, ಎರಡು ಕಾರಣಕ್ಕೆ. ಒಂದು ಸೋಂಕು. ಬ್ಯಾಂಕಿನಲ್ಲಿ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ಆಗಿರುತ್ತೆ, ಮನೆಯಲ್ಲಿ ಆಗಿರಲ್ಲ. ಅದರ ಮೇಲೆ ಲ್ಯಾಬಿನಲ್ಲಿ ತೊಳೆದು ಶುದ್ಧಮಾಡದ ವೀರ್ಯವನ್ನು ನಳಿಕೆ ಹಾಕಿ ಗರ್ಭಕೋಶದೊಳಗೇ ಬಿಡಲು ಹೋದರೆ ವಿಪರೀತ ಹೊಟ್ಟೆನೋವು, ಗರ್ಭಕೋಶಕ್ಕೆ ಸೋಂಕು, ಆಸ್ಪತ್ರೆಗೆ ಸೇರುವ ಸ್ಥಿತಿ.

ಎರಡನೆಯದು ಇನ್ನೂ ಗಂಭೀರ. ಬ್ಯಾಂಕಿನ ದಾನಿ ಮಗುವಿನ ಮೇಲೆ ಯಾವ ಹಕ್ಕನ್ನೂ ಉಳಿಸಿಕೊಳ್ಳಲ್ಲ, ಎಆರ್‌ಟಿ ಕಾಯ್ದೆಯೇ ಹಾಗೆ ಹೇಳುತ್ತೆ. ಮನೆಯಲ್ಲಿ ಮಾಡಿಕೊಂಡದ್ದಕ್ಕೆ ಆ ರಕ್ಷಣೆ ಇಲ್ಲ. ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ, 1956ರದ್ದು, ಅದರ 6ನೇ ಕಲಂ ಪ್ರಕಾರ ಮದುವೆಯಾಚೆ ಹುಟ್ಟಿದ ಮಗುವಿಗೆ ಮೊದಲ ಪೋಷಕಿ ತಾಯಿ, ಅವಳ ನಂತರ ತಂದೆ. ಅಂದರೆ ಹೆತ್ತವಳಿಗೆ ಏನಾದರೂ ಆದರೆ, ಉಪಕಾರ ಅಂತ ವೀರ್ಯ ಕೊಟ್ಟವನು ಮಗುವಿನ ಪೋಷಕ ಅಂತ ಬರಬಹುದು. ದಿನವೂ ಎದೆಗಪ್ಪಿ ಮಲಗಿಸಿದವಳು ಯಾರೂ ಅಲ್ಲ.

ಎಆರ್‌ಟಿ ಕಾಯ್ದೆಯ ಕಾರಣಕ್ಕೆ, ಒಬ್ಬಳ ಅಂಡಾಣು ಇನ್ನೊಬ್ಬಳ ಗರ್ಭ ಅನ್ನೋ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಹಾಕೋದು) ಕೂಡ ಇಲ್ಲಿ ಸಲ್ಲಲ್ಲ. ಹೊರದೇಶದಲ್ಲಿ ಬಹಳ ಜೋಡಿಗಳು ಮಾಡಿಸಿಕೊಳ್ಳುವ ವಿಧಾನ ಅದು. ಇಲ್ಲಿ ಅಂಡಾಣು ಕೊಟ್ಟವಳು ಕಾನೂನಿನ ಲೆಕ್ಕದಲ್ಲಿ ದಾನಿ, ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲ. ತಾಯಿಯಾಗಲಿ ಅಂತ ಕೊಟ್ಟ ಅಂಡಾಣುವೇ ಅವಳನ್ನು ಹೊರಗಿಡುತ್ತೆ. ಇದು ಅನ್ಯಾಯ. ಚಿಕಿತ್ಸೆಗೆ ಒಪ್ಪಿ ಸಹಿ ಹಾಕಿದ ಸಂಗಾತಿಯನ್ನು ಎರಡನೇ ಪೋಷಕಿ ಅಂತ ಸೇರಿಸಲು ಕಾಯ್ದೆಯಲ್ಲಿ ಒಂದು ವಾಕ್ಯ ಸಾಕು. ಬ್ರಿಟನ್ನಿನ 2008ರ ಕಾಯ್ದೆ ಅದನ್ನೇ ಮಾಡಿತು. ಅಲ್ಲಿರುವ ಕನ್ನಡತಿಯರು ಮದುವೆಯಾಗಿದ್ದರೆ, ದಾನಿಯ ವೀರ್ಯದಿಂದ ಹುಟ್ಟಿದ ಮಗುವಿಗೆ ಸಂಗಾತಿ ತಾನಾಗಿಯೇ ಎರಡನೇ ಪೋಷಕಿ. ಮದುವೆಯಾಗದಿದ್ದರೆ ಲೈಸೆನ್ಸ್ ಇರುವ ಕ್ಲಿನಿಕ್ಕಿನಲ್ಲಿ ಚಿಕಿತ್ಸೆಗೆ ಮೊದಲೇ ಇಬ್ಬರೂ ಒಪ್ಪಿಗೆ ಪತ್ರ ತುಂಬಿರಬೇಕು.

ಕ್ಲಿನಿಕ್ಕಿಗೆ ಬರೋಣ. ಎಆರ್‌ಟಿ ನೋಂದಣಿ ಪ್ರಮಾಣಪತ್ರ ಇದೆಯಾ ನೋಡಿ. ಲೆವೆಲ್ 1 ಅಂದರೆ ಐಯುಐ (ವೀರ್ಯವನ್ನು ನಳಿಕೆಯಲ್ಲಿ ಗರ್ಭಕೋಶದೊಳಗೆ ಬಿಡೋದು) ಮಾತ್ರ, ಲೆವೆಲ್ 2 ಅಂದರೆ ಐವಿಎಫ್ ಕೂಡ. ಫೋನಿನಲ್ಲೇ ನೇರವಾಗಿ ಕೇಳಿ: "ಮದುವೆಯಾಗದ ಮಹಿಳೆಗೆ ದಾನಿ ವೀರ್ಯದಿಂದ ಐಯುಐ ಮಾಡ್ತೀರಾ?" ಇಲ್ಲ ಅಂದರೆ ಇನ್ನೊಂದು ಕಡೆ ಹೋಗಿ. ಗಂಡ ಊರಲ್ಲಿಲ್ಲ ಅಂತ ಸುಳ್ಳು ಬರೆಸಬೇಡಿ, ಆ ಫಾರಂ ಮುಂದೆ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತೆ. ಎರಡನೇ ಮಗುವೂ ಬೇಕು ಅಂತಿದ್ದರೆ ಈ ದಾನಿಯ ವಯಲ್‌ಗಳು (ವೀರ್ಯದ ಸಣ್ಣ ಬಾಟಲಿಗಳು) ಎಷ್ಟಿವೆ, ಮುಂದಕ್ಕೆ ತೆಗೆದಿಡಬಹುದಾ ಅಂತ ಮೊದಲ ದಿನವೇ ಕೇಳಿ. ಆಮೇಲೆ ಅದೇ ದಾನಿ ಸಿಗೋದು ಕಷ್ಟ.

ಐಯುಐ ಹೇಗೆ ನಡೆಯುತ್ತೆ? ಮೊದಲು ಗರ್ಭನಾಳ ತೆರೆದಿದೆಯಾ ಅಂತ ಎಚ್‌ಎಸ್‌ಜಿ ಎಕ್ಸ್‌ರೇ, ಸ್ರಾವ ನಿಂತ ಮೇಲೆ ಮುಟ್ಟಿನ 6ರಿಂದ 10ನೇ ದಿನದೊಳಗೆ. ನಾಳ ಎರಡೂ ಮುಚ್ಚಿದ್ದರೆ ಐಯುಐ ಮಾಡಿ ಉಪಯೋಗವಿಲ್ಲ, ದುಡ್ಡು, ವಯಲ್ ಎರಡೂ ದಂಡ. ಅಂಡೋತ್ಪತ್ತಿ ಸರಿಯಾಗಿಲ್ಲದಿದ್ದರೆ ಮುಟ್ಟಿನ ಮೂರನೇ ದಿನದ ಸುಮಾರಿಗೆ ಅಂಡಾಣು ಬೆಳೆಸುವ ಲೆಟ್ರೋಜೋಲ್ ಮಾತ್ರೆ, ಸಾಮಾನ್ಯವಾಗಿ 2.5 ಅಥವಾ 5 ಮಿಲಿಗ್ರಾಂ, ಐದು ದಿನ. 9, 10ನೇ ದಿನದಿಂದ ಸ್ಕ್ಯಾನ್. ಫಾಲಿಕಲ್ (ಅಂಡಾಣು ಬೆಳೆಯುವ ಕೋಶ) 18ರಿಂದ 20 ಮಿಲಿಮೀಟರ್ ಆದಾಗ ಅಂಡಾಣು ಬಿಡಿಸುವ ಎಚ್‌ಸಿಜಿ ಇಂಜೆಕ್ಷನ್, ಅದಾಗಿ ಸುಮಾರು 36 ಗಂಟೆಗೆ ಐಯುಐ. ತೊಳೆದ ವೀರ್ಯ ಅರ್ಧ ಮಿಲಿಲೀಟರಿನಷ್ಟು, ಸಣ್ಣ ನಳಿಕೆಯಲ್ಲಿ ಗರ್ಭಕೋಶದೊಳಗೆ. ಐದು ನಿಮಿಷದ ಕೆಲಸ.

ಬಹಳ ಸಲ ತಪ್ಪೋದು ಸಮಯ. ದಾನಿಯ ವೀರ್ಯ ಹೆಪ್ಪುಗಟ್ಟಿಸಿಟ್ಟದ್ದು, ಕರಗಿಸಿದ ಮೇಲೆ ವೀರ್ಯಾಣುಗಳ ಆಯುಸ್ಸು 12ರಿಂದ 24 ಗಂಟೆ ಮಾತ್ರ. ತಾಜಾ ವೀರ್ಯದ ಹಾಗೆ ಎರಡು ಮೂರು ದಿನ ಒಳಗೆ ಕಾಯುತ್ತಾ ಕೂರಲ್ಲ. "ಭಾನುವಾರ ಲ್ಯಾಬ್ ಇರಲ್ಲ, ಸೋಮವಾರ ಬನ್ನಿ" ಅಂದರೆ ಆ ತಿಂಗಳು ಕೈಬಿಟ್ಟ ಹಾಗೆಯೇ. ಭಾನುವಾರ ಐಯುಐ ಮಾಡ್ತಾರಾ ಅಂತ ಸೇರುವ ಮೊದಲೇ ಕೇಳಿ. ಕರಗಿಸಿದ ಮೇಲೆ ಚಲಿಸುವ ವೀರ್ಯಾಣು ಎಷ್ಟು ಮಿಲಿಯನ್ ಇತ್ತು ಅಂತ ಪ್ರತಿ ಸಲ ಬರೆಸಿಕೊಳ್ಳಿ. ಐದಕ್ಕಿಂತ ಕಡಿಮೆ ಇದ್ದರೆ ಬ್ಯಾಂಕನ್ನು ಪ್ರಶ್ನಿಸಿ. ಮೂರು ನಾಲ್ಕು ಫಾಲಿಕಲ್ ಒಟ್ಟಿಗೆ ಬೆಳೆದಿದ್ದರೆ ಆ ತಿಂಗಳು ಬೇಡ ಅಂತ ವೈದ್ಯರು ಹೇಳೋದು ನಿಮ್ಮ ಒಳ್ಳೆಯದಕ್ಕೇ. ಅವಳಿ ತ್ರಿವಳಿ ಬಸುರಿನಲ್ಲಿ ತಾಯಿಗೂ ಮಕ್ಕಳಿಗೂ ಅಪಾಯ ಹೆಚ್ಚು.

ಐಯುಐ ಆದ ಮೇಲಿನ ಎರಡು ವಾರ ಕಳೆಯೋದೇ ಕಷ್ಟ. ಆದರೂ ಎಂಟನೇ ದಿನಕ್ಕೆ ಮನೆಯಲ್ಲಿ ಟೆಸ್ಟ್ ಮಾಡಬೇಡಿ. ಟೆಸ್ಟ್ ಹುಡುಕೋದೂ ಎಚ್‌ಸಿಜಿಯನ್ನೇ, ಇಂಜೆಕ್ಷನ್ನಿನದು ಇನ್ನೂ ಮೈಯಲ್ಲಿ ಉಳಿದಿರುತ್ತೆ, ಎರಡು ಗೆರೆ ಅದೇ ಮೂಡಿಸುತ್ತೆ, ನಾಲ್ಕು ದಿನಕ್ಕೆ ಮುಟ್ಟು ಬಂದಾಗ ಗರ್ಭ ಹೋಯಿತು ಅಂತ ಇಬ್ಬರೂ ಅಳ್ತೀರಿ. 14ನೇ ದಿನ ರಕ್ತಪರೀಕ್ಷೆ ಮಾಡಿಸಿ. 35ರೊಳಗಿನವರಿಗೂ ಒಂದು ಸಲದ ಐಯುಐನಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚೂಕಡಿಮೆ ನೂರಕ್ಕೆ ಹತ್ತರಿಂದ ಹದಿನೈದು. ಹಾಗಾಗಿ ಮೂರರಿಂದ ಆರು ಸಲಕ್ಕೆ ಮನಸ್ಸನ್ನೂ ಹಣವನ್ನೂ ಹೊಂದಿಸಿಟ್ಟುಕೊಳ್ಳಿ. ವಯಸ್ಸು 38 ದಾಟಿದ್ದರೆ ಅಷ್ಟು ಸಲ ಕಾಯದೆ ಐವಿಎಫ್ ಬಗ್ಗೆ ಮಾತಾಡಿ. ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇರುವವರು ಐವಿಎಫ್‌ನಲ್ಲಿ ಓಎಚ್‌ಎಸ್‌ಎಸ್ ಅಪಾಯ ತಗ್ಗಿಸಲು ಏನು ಮಾಡ್ತೀರಿ ಅಂತ ಕೇಳಲೇಬೇಕು. ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ತೊಂದರೆ ಅದು. ಹೊಟ್ಟೆ ಉಬ್ಬಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಈಗ ಆ ಕಾಗದಪತ್ರ. ಮೊದಲನೆಯದು ಹೆರುವವಳ ಉಯಿಲು. 1956ರ ಪೋಷಕತ್ವ ಕಾಯ್ದೆಯ 9ನೇ ಕಲಂ ಪ್ರಕಾರ ಹಿಂದೂ ತಾಯಿ ಮದುವೆಯಾಚೆ ಹುಟ್ಟಿದ ಮಗುವಿಗೆ ತನ್ನ ನಂತರದ ಪೋಷಕಿಯನ್ನು ಉಯಿಲಿನಲ್ಲಿ ನೇಮಿಸಬಹುದು. ಸಂಗಾತಿಯ ಹೆಸರು ಅಲ್ಲಿ ಬರಲಿ. ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ, ತವರಿನವರು ತಕರಾರು ತೆಗೆದಾಗ ಬೆಲೆ ಬರುತ್ತೆ. ಕೋರ್ಟ್ ಕೊನೆಗೆ ನೋಡೋದು ಮಗುವಿನ ಹಿತ, ಆಗ ಈ ಉಯಿಲು ತಾಯಿಯ ಇಚ್ಛೆಯ ಸಾಕ್ಷಿ. ಬೇರೆ ಧರ್ಮದವರಿಗೆ ನಿಯಮ ಬೇರೆ, ವಕೀಲರನ್ನು ಕೇಳಿಯೇ ಬರೆಸಿ.

ಎರಡನೆಯದು ಹೆರದವಳ ಉಯಿಲು. ಇದನ್ನು ಬಹಳ ಜನ ಮರೀತಾರೆ. ಕಾನೂನಿನಲ್ಲಿ ಮಗು ಅವಳ ವಾರಸುದಾರ ಅಲ್ಲ. ಉಯಿಲು ಇಲ್ಲದೆ ಅವಳು ತೀರಿಕೊಂಡರೆ ಅವಳ ಮನೆ, ಉಳಿತಾಯ ಎಲ್ಲಾ ಅವಳ ರಕ್ತಸಂಬಂಧಿಗಳಿಗೆ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿದೆ. ನಾಮಿನಿ ಆದ ಮಾತ್ರಕ್ಕೆ ಹಣದ ಒಡೆತನ ಬರಲ್ಲ, ಹಾಗಾಗಿ ಉಯಿಲು ಬೇಕೇ.

ಮೂರನೆಯದು ಆಸ್ಪತ್ರೆ, ಶಾಲೆಗಳಿಗೆ ಬೇಕಾದ ಅಧಿಕಾರ ಪತ್ರ. "ನಾನು ಇಲ್ಲದಾಗ, ಪ್ರಜ್ಞೆ ಇಲ್ಲದಾಗ ಮಗುವಿನ ಚಿಕಿತ್ಸೆಗೆ ಇವರ ಒಪ್ಪಿಗೆ ನನ್ನ ಒಪ್ಪಿಗೆಯೇ" ಅಂತ ಸ್ಟ್ಯಾಂಪ್ ಪೇಪರಿನಲ್ಲಿ, ನೋಟರಿ ಸಹಿತ. ಎಲ್ಲ ಆಸ್ಪತ್ರೆಯೂ ಇದಕ್ಕೆ ತಲೆಬಾಗುತ್ತೆ ಅಂತ ಮಾತು ಕೊಡಲಾರೆ. ಅದಕ್ಕೇ ಏಳನೇ ತಿಂಗಳಲ್ಲೇ ಹೆರಿಗೆ ವೈದ್ಯರಿಗೂ ಮಕ್ಕಳ ವೈದ್ಯರಿಗೂ ತೋರಿಸಿ, ಕೇಸ್ ಶೀಟಿಗೆ ಒಂದು ಪ್ರತಿ ಸೇರಿಸಲು ಕೇಳಿ. ಸಂಗಾತಿಯೇ ಮಗುವನ್ನು ದತ್ತು ತಗೊಂಡರೆ ಅಂತ ಯೋಚಿಸುವವರಿಗೆ ಒಂದು ಮಾತು: ಹಾಗೆ ಮಾಡಿದರೆ ಹೆತ್ತವಳ ಸಂಬಂಧವೇ ಕಾನೂನಿನಲ್ಲಿ ಕಡಿದುಹೋಗುತ್ತೆ. ಇಬ್ಬರನ್ನೂ ತಾಯಂದಿರಾಗಿ ಇಟ್ಟುಕೊಳ್ಳುವ ದತ್ತು ಇಲ್ಲಿ ಇಲ್ಲ.

ಮಗು ಹುಟ್ಟಿದ ಮೇಲೆ 21 ದಿನದೊಳಗೆ ಜನನ ನೋಂದಣಿ. ಆಸ್ಪತ್ರೆಯ ಫಾರಂ ತುಂಬುವಾಗ ಹತ್ತಿರ ನಿಂತು ನೋಡಿ. ತಂದೆಯ ಹೆಸರಿನ ಜಾಗ ಖಾಲಿ ಇರಲಿ. ದಾಕ್ಷಿಣ್ಯಕ್ಕೆ ಅಣ್ಣನದೋ ಗೆಳೆಯನದೋ ಹೆಸರು ಬರೆಸಿದರೆ ಆಮೇಲೆ ಅಳಿಸಲು ವರ್ಷಗಟ್ಟಲೆ ಅಲೆಯಬೇಕು. ಖಾಲಿ ಬಿಟ್ಟರೆ ಆಗಲ್ಲ ಅಂತ ಗುಮಾಸ್ತರು ಹೇಳಿದರೆ, 2015ರ ಜುಲೈ 6ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿ ಕೊಡಿ, ಎಬಿಸಿ ವಿರುದ್ಧ ದೆಹಲಿ ಸರ್ಕಾರ. ಒಂಟಿ ತಾಯಿ ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಕೊಟ್ಟು ಕೇಳಿದರೆ ಜನನ ಪತ್ರ ಕೊಡಲೇಬೇಕು ಅಂತ ಅದರಲ್ಲಿದೆ. ಆ ಅಫಿಡವಿಟ್ಟನ್ನೂ ಹೆರಿಗೆಗೆ ಹೊರಡುವ ಬ್ಯಾಗಿನಲ್ಲಿ, ಮಗುವಿನ ಬಟ್ಟೆಯ ಜೊತೆಗೇ ಇಟ್ಟುಕೊಳ್ಳಿ.