ಹಾಲಿನ ಪಾಕೀಟಿನಲ್ಲಿ ಮೆಣಸಿನ ಅಗಿ: ಧಾರವಾಡದ ಮಾಳಿಗೆಯಿಂದ

ನಮಸ್ಕಾರ ಎಲ್ಲರಿಗೂ. ಧಾರವಾಡದಲ್ಲಿ ಮೇ ತಿಂಗಳ ಬಿಸಿಲು ಜೋರಾಗಿದೆ. ಮಳೆ ಹಿಡಿದ ಮೇಲೆ ಬೀಜ ಹಾಕಿದರಾಯ್ತು ಅಂತ ಕಾಯಬೇಡಿ. ಮೆಣಸಿನ ಅಗಿ, ಅಂದರೆ ಎಳೆ ಸಸಿ, ನಾಟಿಗೆ ಬರೋಕೆ 35ರಿಂದ 45 ದಿನ ಬೇಕು. ಈಗ ಹಾಕಿದರೆ ಮಿರಗ (ಮೃಗಶಿರಾ) ಮಳೆ ಮುಗಿದು ಆರಿದ್ರಾ ಮಳೆ ಬರೋ ಹೊತ್ತಿಗೆ ಕುಂಡಕ್ಕೆ ಹೋಗುವಷ್ಟು ಬೆಳೆದಿರುತ್ತವೆ.

ಬೀಜಕ್ಕೆ ಅಂಗಡಿಗೆ ಹೋಗೋದೇ ಬೇಡ. ಅಡುಗೆಮನೆ ಡಬ್ಬಿಯಿಂದ ನಾಲ್ಕು ಬ್ಯಾಡಗಿ ಮೆಣಸಿನಕಾಯಿ ತೆಗೆಯಿರಿ. ಹುರಿದದ್ದು ಬೇಡ, ಬಿಸಿಲಲ್ಲಿ ಒಣಗಿದ್ದು ಬೇಕು. ಬ್ಯಾಡಗಿಗೆ ಭೌಗೋಳಿಕ ಸೂಚಕ, ಅಂದರೆ ಇದು ಈ ಸೀಮೆಯದೇ ಅನ್ನೋ ಜಿಐ ಗುರುತು, ಸಿಕ್ಕಿದ್ದು 2011ರಲ್ಲಿ. ಅದರ ಬಣ್ಣಕ್ಕೆ ಊರೂರಲ್ಲಿ ಬೇಡಿಕೆ. ಅಂಥ ಕಾಯಿ ನಮ್ಮ ಮಾಳಿಗೆಯಲ್ಲೇ ಬೆಳೆದರೆ ಎಷ್ಟು ಚಂದ ಅಲ್ವಾ! ಒಂದು ಮಾತು ನೆನಪಿರಲಿ. ಹೈಬ್ರಿಡ್ ಕಾಯಿಯ ಬೀಜವೂ ಮೊಳೆಯುತ್ತದೆ, ಆದರೆ ಕಾಯಿ ಅದೇ ಥರ ಬರುತ್ತದೆ ಅನ್ನೋ ಖಾತ್ರಿ ಇಲ್ಲ. ಅದಕ್ಕೇ ನಾಟಿ ತಳಿ ಹುಡುಕಿ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದಾಗ ಬೀಜದ ಮಳಿಗೆ ಬಿಟ್ಟು ಬರಬೇಡಿ.

ಇನ್ನು ಪಾತ್ರೆ. ಇದು ಹಾಲಿನ ಪಾಕೀಟು. ತೊಳೆದು, ಮೇಲಿನ ಅಂಚು ಕತ್ತರಿಸಿ, ಕೆಳಗಿನ ಎರಡು ಮೂಲೆ ಚೂರು ಕತ್ತರಿಸಿದರೆ ನರ್ಸರಿ ಚೀಲ ತಯಾರು. ಟ್ರೇಗೆ ದುಡ್ಡು ಹಾಕಬೇಡಿ. ದುಡ್ಡು ಹಾಕೋದಿದ್ದರೆ ಗೊಬ್ಬರಕ್ಕೆ ಹಾಕಿ.

ಯಾಕೆ ಅಂದರೆ, ಎಲ್ಲಾ ಇರೋದು ಮಣ್ಣಲ್ಲಿ. ಹುಬ್ಬಳ್ಳಿ, ನವಲಗುಂದ ಕಡೆ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಜಾಸ್ತಿ. ಹೊಲಕ್ಕೆ ಅದು ಬಂಗಾರ. ಪಾಕೀಟಿಗೆ ಮಾತ್ರ ಬೇಡ: ನೀರು ಬಿದ್ದರೆ ಅಂಟು, ಒಣಗಿದರೆ ಬಿರುಕು, ಎಳೆ ಬೇರಿಗೆ ಉಸಿರಾಡೋಕೆ ಜಾಗ ಇಲ್ಲ. ಜರಡಿ ಹಿಡಿದ ಮಸಾರಿ (ಕೆಂಪು) ಮಣ್ಣು, ಎರೆಹುಳು ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮ ಪಾಲು ಸೇರಿಸಿ. ಕೋಕೋಪೀಟಿನ 650 ಗ್ರಾಂ ಇಟ್ಟಿಗೆ ಸಾಕು. ನೀರಲ್ಲಿ ನೆನೆಸಿದರೆ ಸುಮಾರು ಅರ್ಧ ಬಕೆಟ್ ಆಗುತ್ತದೆ.

ಬೀಜ ಆಳಕ್ಕೆ ಹಾಕಬೇಡಿ. ಮೇಲೆ ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಿ. ಟೊಮೇಟೊ, ಬದನಿ ಅಗಿಯನ್ನೂ ಹೀಗೇ ಮಾಡಬಹುದು. ಟೊಮೇಟೊ ಒಂದು ವಾರದಲ್ಲಿ ಕಾಣಿಸುತ್ತದೆ, ಬದನಿಕಾಯಿ ಸ್ವಲ್ಪ ತಡ. ಮೆಣಸಿನಕಾಯಿಗೆ ಎರಡು ವಾರವೂ ಆಗಬಹುದು. ಅಲ್ಲಿವರೆಗೆ ಸುಮ್ನೆ ಕೆದಕಿ ನೋಡಬೇಡಿ.

ಕ್ಯಾಮೆರಾ ಹತ್ತಿರ ತರ್ತೀನಿ, ನೋಡಿ. ಕುತ್ತಿಗೆ ಬಗ್ಗಿಸಿಕೊಂಡೇ ಮೊಳಕೆ ಮೇಲೆ ಬಂದಿದೆ. ಎಲೆ ತುದಿಗೆ ಬೀಜದ ಸಿಪ್ಪೆ ಇನ್ನೂ ಅಂಟಿದೆ. ಉಗುರಿನಿಂದ ಕೀಳಬೇಡಿ, ಎಲೆಯೇ ಹರಿದೀತು. ಒಂದು ಹನಿ ನೀರು ಬಿಡಿ, ಸಿಪ್ಪೆ ಮೆತ್ತಗಾಗಿ ತಾನೇ ಬೀಳುತ್ತದೆ.

ಈ ಹಂತದಲ್ಲಿ ಅಗಿ ಸಾಯೋದು ಹೆಚ್ಚಾಗಿ ನೀರು ಜಾಸ್ತಿಯಾಗಿ. ಬುಡ ದಾರದಷ್ಟು ಸಣ್ಣಗಾಗಿ, ಸಸಿ ಮಣ್ಣಿಗೆ ಒರಗುತ್ತದೆ. ಅದು ಶಿಲೀಂಧ್ರದ ಕೆಲಸ. ಬಿದ್ದದ್ದು ಮತ್ತೆ ಏಳಲ್ಲ, ಅದನ್ನು ಕಿತ್ತು ದೂರ ಹಾಕಿ. ತಾಟಿನಲ್ಲಿ ನೀರು ಹಾಕಿ ಪಾಕೀಟು ಇಟ್ಟರೆ ಮಣ್ಣು ಕೆಳಗಿನಿಂದ ಬೇಕಾದಷ್ಟೇ ಹೀರುತ್ತದೆ, ಮೇಲ್ಮೈ ಒಣಗಿರುತ್ತದೆ. ಹತ್ತು-ಹದಿನೈದು ನಿಮಿಷ ಬಿಟ್ಟು ಎತ್ತಿಡಿ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯೋ ನಮ್ಮಂಥ ಊರಲ್ಲಿ ನೀರೂ ಉಳಿಯುತ್ತದೆ. ಬೆಳಿಗ್ಗೆಯೇ ಹಾಕಿ, ರಾತ್ರಿ ತೇವ ನಿಲ್ಲಬಾರದು.

ಮೊಳಕೆ ಬಂದ ದಿನದಿಂದಲೇ ಬೆಳಕು ಬೇಕು. ಒಳಗಿನ ಕಿಟಕಿಯಲ್ಲೇ ಇಟ್ಟರೆ ಅಗಿ ಉದ್ದುದ್ದ ಬೆಳೆದು ಬಳುಕುತ್ತದೆ. ಮೊದಲು ಬೆಳಗಿನ ಎಳೆ ಬಿಸಿಲು, ಆಮೇಲೆ ದಿನಾ ಸ್ವಲ್ಪ ಹೆಚ್ಚಿಸುತ್ತಾ ಹೋಗಿ. ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು ನಾಲ್ಕೈದು ನಿಜವಾದ ಎಲೆ ಬಂದ ಮೇಲೆ ಸಂಜೆ ಹೊತ್ತು ಕುಂಡಕ್ಕೆ ಹಾಕಿ.

ಮೂಲಂಗಿ, ಗಜ್ಜರಿ, ಮೆಂತೆ, ಕೊತ್ತಂಬರಿಗೆ ಅಗಿ ಮಾಡೋ ಕೆಲಸ ಇಲ್ಲ, ನೇರ ಕುಂಡಕ್ಕೇ ಬಿತ್ತಿ. ಕೊತ್ತಂಬರಿ ಕಾಳು ಮಾತ್ರ ಮೊದಲು ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿಕೊಳ್ಳಿ.

ಹೆಚ್ಚಾದ ಅಗಿ ಓಣಿಯಲ್ಲಿ ಹಂಚಿ. ಪಕ್ಕದ ಮನೆ ಕಾಕೂಗೆ ನಾನು ಮೆಣಸಿನ ಅಗಿ ಕೊಡ್ತೀನಿ, ಅವರು ಬದನಿ ಅಗಿ ಕೊಡ್ತೀನಿ ಅಂದಿದ್ದಾರೆ. ಮುಂದಿನ ವಿಡಿಯೋದಲ್ಲಿ ಎರಡನ್ನೂ ನಾಟಿ ಮಾಡೋಣ.