ಕಾಪಾಡಿಕೊಂಡವರ ಮುನಿಸು

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಒಂದು ಸಾಧಾರಣ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. 1967ರ ಡಿಸೆಂಬರ್ 23, ಶನಿವಾರ ಸಂಜೆ. ಕ್ರಿಸ್‌ಮಸ್‌ಗೆ ಎರಡೇ ದಿನ. ಹತ್ತು ಹನ್ನೆರಡು ವರ್ಷದ ಒಬ್ಬ ಹುಡುಗ ಟೀವಿಯ ಮುಂದೆ ಮಂಡಿಯೂರಿ ಕೂತಿದ್ದಾನೆ. ಕೈಯಲ್ಲಿ ಟೇಪ್ ರೆಕಾರ್ಡರಿನ ಮೈಕು. ಅದನ್ನು ಟೀವಿಯ ಸ್ಪೀಕರಿಗೆ ಒತ್ತಿ ಹಿಡಿದಿದ್ದಾನೆ. ಅಡುಗೆಮನೆಯಿಂದ ಅಮ್ಮ ಏನೋ ಕೇಳಿದರೆ ತಿರುಗಿ ನೋಡಿ ತುಟಿಯ ಮೇಲೆ ಬೆರಳಿಡುತ್ತಾನೆ. ಇಪ್ಪತ್ತೈದು ನಿಮಿಷ ಕೆಮ್ಮುವಂತಿಲ್ಲ, ಕೈ ಸೋತರೂ ಇಳಿಸುವಂತಿಲ್ಲ. ಮನೆಯಲ್ಲಿ ವಿಡಿಯೊ ರೆಕಾರ್ಡರ್ ಎಂಬುದು ಇಲ್ಲದ ಕಾಲ ಅದು. ಚಿತ್ರ ಹೋದರೆ ಹೋಯಿತು, ಧ್ವನಿಯಾದರೂ ತನ್ನ ಬಳಿ ಉಳಿಯಲಿ ಎಂಬುದು ಅವನ ಆಸೆ.

ಈ ಹುಡುಗನಿಗೆ ನಾನು ಹೆಸರಿಡುವುದಿಲ್ಲ. ಇಂಥವರು ಒಬ್ಬಿಬ್ಬರಲ್ಲ, ಆ ದೇಶದ ಬೇರೆ ಬೇರೆ ಊರುಗಳಲ್ಲಿದ್ದರು, ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಲ್ಲ. ಅವರು ಹಿಡಿದಿಟ್ಟುಕೊಳ್ಳುತ್ತಿದ್ದ ಧಾರಾವಾಹಿಯ ಹೆಸರು ‘ಡಾಕ್ಟರ್ ಹೂ’. ಆಗ ಟೇಪು ದುಬಾರಿ. ಪ್ರಸಾರವಾದ ಟೇಪನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಚಿತ್ರೀಕರಿಸುವುದು ಬಿಬಿಸಿಯ ರೂಢಿಯಾಗಿತ್ತು. ಹಾಗಾಗಿ 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದಿಗೂ ಸಿಕ್ಕಿಲ್ಲ. ಆದರೆ ಅವಷ್ಟರ ಧ್ವನಿಯೂ ಉಳಿದಿದೆ, ಒಂದೂ ಬಿಡದೆ. ಅದನ್ನು ಉಳಿಸಿದವರು ಈ ಮಕ್ಕಳು.

ಹಳೆಯ ಧಾರಾವಾಹಿಯೊಂದು ಮರಳಿ ಬಂದಾಗ ಅದರ ಅಭಿಮಾನಿಗಳು ಯಾಕೆ ಅಷ್ಟೊಂದು ಹಿಗ್ಗುತ್ತಾರೆ, ಯಾಕೆ ಅಷ್ಟೊಂದು ಸಿಡುಕುತ್ತಾರೆ ಎಂಬುದು ಇವತ್ತಿನ ವಿಷಯ. ಅಭಿಮಾನಿಗಳ ಸಿಟ್ಟನ್ನು ಹುಚ್ಚಾಟ ಎಂದು ತಳ್ಳಿಹಾಕುವವರನ್ನು ನಾನು ತುಂಬ ನೋಡಿದ್ದೇನೆ. ಅವರಿಗೆಲ್ಲ ಮೊದಲು ಈ ಹುಡುಗನನ್ನು ತೋರಿಸಬೇಕು ಅನ್ನಿಸುತ್ತದೆ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಮರುದಿನ, ಮೊದಲ ಕಂತು ಪ್ರಸಾರವಾಯಿತು. ಜನರ ಮನಸ್ಸು ಬೇರೆಲ್ಲೋ ಇದ್ದುದರಿಂದ ಮುಂದಿನ ವಾರ ಎರಡನೆಯ ಕಂತಿಗೆ ಮುಂಚೆ ಅದನ್ನೇ ಮತ್ತೊಮ್ಮೆ ತೋರಿಸಬೇಕಾಯಿತು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ನಿರ್ದೇಶಕ ವಾರಿಸ್ ಹುಸೇನ್, ನಮ್ಮ ಲಖನೌದಲ್ಲಿ ಹುಟ್ಟಿದವರು, ಆಗ ಇಪ್ಪತ್ನಾಲ್ಕು ವರ್ಷ. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ಒಬ್ಬ ಮುದುಕ, ಅವನ ವಾಹನ ಒಂದು ನೀಲಿ ಪೊಲೀಸ್ ಪೆಟ್ಟಿಗೆ (ಪೊಲೀಸರಿಗೆ ಫೋನು ಮಾಡಲು ಆಗ ಅಲ್ಲಿನ ಬೀದಿಗಳಲ್ಲಿ ಇಡುತ್ತಿದ್ದ ಗೂಡು), ಹೊರಗಿನಿಂದ ನೋಡಿದರೆ ಚಿಕ್ಕದು, ಒಳಗೆ ಹೊಕ್ಕರೆ ಅರಮನೆ. 1966ರಲ್ಲಿ ಆ ಮುದುಕನ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟು ಬಿಡಬೇಕಾದಾಗ ಬರಹಗಾರರು ಒಂದು ಉಪಾಯ ಹೂಡಿದರು: ಡಾಕ್ಟರ್ ಸಾಯುವುದಿಲ್ಲ, ಮೈ ಬದಲಿಸುತ್ತಾನೆ. ಹೊಸ ಮುಖ, ಹೊಸ ಸ್ವಭಾವ, ನೆನಪು ಮಾತ್ರ ಹಳೆಯದು.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾತ್ರ ಅದೇ, ವೇಷಧಾರಿ ಬೇರೆ. ಬೆಳಗಿನ ಜಾವ ಆಟ ಮುಗಿಸಿ ಮನೆಗೆ ನಡೆಯುವಾಗ ‘ಅವರ ಕೌರವನ ಎದುರು ಇವರದ್ದು ಏನೂ ಅಲ್ಲ ಮಾರಾಯ’ ಅನ್ನುವ ಮಾತು ಇದ್ದೇ ಇರುತ್ತದೆ. ಹಾಗೆ ಅಂದವನೇ ಮರುವಾರ ಮುಂದಿನ ಸಾಲಿನಲ್ಲಿ ಚಾಪೆ ಹಾಸಿರುತ್ತಾನೆ.

ಇಪ್ಪತ್ತಾರು ವರ್ಷ ನಡೆದ ಈ ಧಾರಾವಾಹಿ 1989ರ ಡಿಸೆಂಬರ್ 6ಕ್ಕೆ ನಿಂತಿತು. ನಿಂತಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮುಂದಿನ ವರ್ಷ ಬರಲಿಲ್ಲ, ಅಷ್ಟೆ. ಅಭಿಮಾನಿಗಳು ಅಲ್ಲಿಂದ ಮುಂದಿನ ಕಾಲವನ್ನು ಕಾಡಿನ ವರ್ಷಗಳು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ನಮಗೆ ಅದನ್ನು ಕೇಳಿದರೆ ವನವಾಸವೇ ನೆನಪಾಗುತ್ತದೆ. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಇದೇ ಸೊಗಸಾದ ಅಧ್ಯಾಯ. ಟೀವಿಯಲ್ಲಿ ಏನೂ ಇಲ್ಲ. ಆದರೂ 1991ರಿಂದ ಹೊಸ ಕಾದಂಬರಿಗಳು ಸಾಲಾಗಿ ಬಂದವು, ಬರೆದವರಲ್ಲಿ ಬಹುಪಾಲು ಅದನ್ನೇ ನೋಡಿ ಬೆಳೆದ ಹುಡುಗರು. 1999ರಿಂದ ಬಿಗ್ ಫಿನಿಷ್ ಎಂಬ ಸಂಸ್ಥೆ ಹಳೆಯ ನಟರನ್ನೇ ಕರೆಸಿ ಧ್ವನಿನಾಟಕ ಮಾಡಿಸಿತು. ಮೈಕು ಹಿಡಿದು ಕೂತ ಪೀಳಿಗೆಗೆ ಬರೀ ಧ್ವನಿಯಲ್ಲಿ ಕಥೆ ಕಾಣುವುದು ಅಭ್ಯಾಸವಾಗಿತ್ತು ತಾನೆ.

ಈ ನಡುವೆ ಒಂದು ಘಟನೆ ನಡೆಯಿತು. 1967ರ ‘ಟೂಂಬ್ ಆಫ್ ದಿ ಸೈಬರ್‌ಮೆನ್’ ಎಂಬ ಕಥೆ ಕಳೆದುಹೋಗಿತ್ತು. ನೋಡಿದ್ದವರು ಅದರಂಥದ್ದು ಇನ್ನೊಂದಿಲ್ಲ ಎಂದು ಇಪ್ಪತ್ತು ವರ್ಷ ಕೊಂಡಾಡಿದ್ದರು. 1991ರ ಕೊನೆಗೆ ಹಾಂಗ್‌ಕಾಂಗ್‌ನಿಂದ ಅದರ ನಾಲ್ಕೂ ಕಂತುಗಳು ಮರಳಿ ಬಂದವು. ಸಂಭ್ರಮಪಟ್ಟು ಕೂತು ನೋಡಿದವರಲ್ಲಿ ಕೆಲವರ ಮುಖ ಬಾಡಿತು. ಚೆನ್ನಾಗಿದೆ, ಆದರೆ ನೆನಪಿನಲ್ಲಿದ್ದಷ್ಟು ದೊಡ್ಡದಲ್ಲ. ಎತ್ತಿ ಎಸೆಯುವಾಗ ಎಳೆದ ತಂತಿ ಕಾಣುತ್ತದೆ, ಗೊಂಬೆ ಗೊಂಬೆಯ ಹಾಗೆ ಕಾಣುತ್ತದೆ. ಅಭಿಮಾನಿ ಹೊಸತನ್ನು ಹಳತಿನ ಜತೆ ಹೋಲಿಸುತ್ತಾನೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವನ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ವರ್ಷಗಟ್ಟಲೆ ತಾನೇ ಮನಸ್ಸಿನಲ್ಲಿ ಸಾಕಿ ಬೆಳೆಸಿದ ಚಿತ್ರ. ಅದರೆದುರು ಹೊಸತೂ ಸೋಲುತ್ತದೆ, ಹಳತೂ ಸೋಲುತ್ತದೆ.

1996ರಲ್ಲಿ ಒಂದು ಟೀವಿ ಚಿತ್ರ ಬಂತು, ಅಮೆರಿಕದ ಫಾಕ್ಸ್ ವಾಹಿನಿಯ ಜತೆ ಸೇರಿ ಮಾಡಿದ್ದು. ಅದರಲ್ಲಿ ಡಾಕ್ಟರ್ ತಾನು ತಾಯಿಯ ಕಡೆಯಿಂದ ಅರ್ಧ ಮನುಷ್ಯ ಅನ್ನುತ್ತಾನೆ, ಒಬ್ಬಳಿಗೆ ಮುತ್ತು ಕೊಡುತ್ತಾನೆ. ಎರಡಕ್ಕೂ ಗಲಾಟೆಯಾಯಿತು. ಡಾಕ್ಟರನಾದ ಪಾಲ್ ಮೆಕ್‌ಗಾನ್ ಅವರ ಅಭಿನಯವನ್ನು ಮೆಚ್ಚಿದವರೂ ಕಥೆಯನ್ನು ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ 90 ಲಕ್ಷ ಜನ ನೋಡಿದರೂ ಅಮೆರಿಕದಲ್ಲಿ ಸಾಕಷ್ಟು ಜನ ನೋಡದೆ ಅಲ್ಲಿಗೇ ಮುಗಿಯಿತು.

ಇನ್ನು 2003. ಸೆಪ್ಟೆಂಬರ್ 26ರಂದು ಬಿಬಿಸಿ ಘೋಷಿಸಿತು: ಡಾಕ್ಟರ್ ಮರಳುತ್ತಾನೆ, ಬರೆಯುವವರು ರಸೆಲ್ ಟಿ. ಡೇವಿಸ್, ತಯಾರಾಗುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಡೇವಿಸ್ ಹೊರಗಿನವರಲ್ಲ. ವನವಾಸದ ಕಾದಂಬರಿಗಳಲ್ಲಿ ಒಂದನ್ನು 1996ರಲ್ಲಿ ಅವರೇ ಬರೆದಿದ್ದರು. ಆದರೂ ಖುಷಿಯ ಹಿಂದೆಯೇ ಅನುಮಾನ ಶುರುವಾಯಿತು. ಡಾಕ್ಟರನ ಜತೆಗಾತಿ ರೋಸ್‌ಳ ಪಾತ್ರಕ್ಕೆ ಬಿಲ್ಲಿ ಪೈಪರ್ ಎಂದಾಗ ‘ಪಾಪ್ ಹಾಡುವ ಹುಡುಗಿಗೆ ಇದೆಂಥ ಪಾತ್ರ’ ಎಂದರು. ಡಾಕ್ಟರನ ಹಳೆಯ ಶತ್ರುಗಳಾದ ಡಾಲೆಕ್‌ಗಳನ್ನು ಸೃಷ್ಟಿಸಿದ ಲೇಖಕ ಟೆರ್ರಿ ನೇಷನ್ ಅವರ ಹಕ್ಕುದಾರರ ಜತೆಗಿನ ಮಾತುಕತೆ 2004ರ ಬೇಸಿಗೆಯಲ್ಲಿ ಮುರಿದುಬಿದ್ದಾಗಲಂತೂ ರಾವಣನಿಲ್ಲದ ರಾಮಾಯಣ ಆಡುತ್ತಾರೇನೋ ಎಂಬ ಹೆದರಿಕೆ. ಕೆಲವೇ ವಾರದಲ್ಲಿ ಅದು ಸರಿಹೋಯಿತು.

2005ರ ಮಾರ್ಚ್ 26, ಶನಿವಾರ, ಸಂಜೆ ಏಳು ಗಂಟೆ. ಮೊದಲ ಕಂತಿನ ಹೆಸರು ‘ರೋಸ್’. ನೋಡಿದವರು 1 ಕೋಟಿ 8 ಲಕ್ಷ. ಆಕಾಶದಿಂದ ಭೂಮಿಗೆ, ಭೂಮಿಯಿಂದ ಲಂಡನ್ನಿಗೆ, ಅಲ್ಲಿಂದ ಒಂದು ಮಲಗುವ ಕೋಣೆಯ ಅಲಾರಂ ಗಡಿಯಾರಕ್ಕೆ ಕ್ಯಾಮೆರಾ ಇಳಿಯುತ್ತದೆ. ಹತ್ತೊಂಬತ್ತರ ಹುಡುಗಿ ಏಳುತ್ತಾಳೆ, ಬಸ್ ಹತ್ತುತ್ತಾಳೆ, ಬಟ್ಟೆ ಅಂಗಡಿಯಲ್ಲಿ ಮಡಿಕೆ ಹಾಕುತ್ತಾಳೆ. ಡಾಕ್ಟರನ ಸುಳಿವೇ ಇಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ನೆಲಮಾಳಿಗೆಗೆ ಇಳಿದರೆ ಬಟ್ಟೆ ತೊಡಿಸುವ ಬೊಂಬೆಗಳು ಒಂದೊಂದಾಗಿ ಅಲುಗುತ್ತವೆ. ಹದಿನಾರು ವರ್ಷ ಉಸಿರು ಬಿಗಿಹಿಡಿದವರು ನೋಡುತ್ತಿದ್ದಾರೆ, ಅದೇ ಗಳಿಗೆಯಲ್ಲಿ ಬಿಬಿಸಿಯ ತಾಂತ್ರಿಕ ತಪ್ಪಿನಿಂದ ಬೇರೊಂದು ಕಾರ್ಯಕ್ರಮದ ನಿರೂಪಕ ಗ್ರಹಾಂ ನಾರ್ಟನ್ ಅವರ ಧ್ವನಿ ಕೆಲ ಕ್ಷಣ ತೂರಿಬಂತು! ಗೋಡೆಗೆ ಒತ್ತಿಕೊಂಡ ರೋಸ್‌ಳ ಕೈಯನ್ನು ಪಕ್ಕದಿಂದ ಇನ್ನೊಂದು ಕೈ ಹಿಡಿಯುತ್ತದೆ. ಹೊಸ ಡಾಕ್ಟರ್ ಕ್ರಿಸ್ಟೊಫರ್ ಎಕಲ್‌ಸ್ಟನ್ ಹೇಳುವುದು ಒಂದೇ ಮಾತು: ಓಡು.

ನಾನು ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈಗಲೂ ಆ ಕೈ ಕಂಡಾಗ ಮೈ ಜುಮ್ಮೆನ್ನುತ್ತದೆ.

ಆಮೇಲೆ ದೂರುಗಳು. ಕಸದ ಡಬ್ಬಿ ಒಬ್ಬನನ್ನು ನುಂಗಿ ತೇಗುತ್ತದಲ್ಲ, ಇದು ಚಿಕ್ಕ ಮಕ್ಕಳ ಆಟವೇ? ಹೂಸು ಬಿಡುವ ಅನ್ಯಗ್ರಹದವರು ಬಂದಾಗ ಗೊಣಗಾಟ ಇನ್ನೂ ಜೋರಾಯಿತು. ರೋಸ್‌ಳ ಅಮ್ಮ, ಅವಳ ಗೆಳೆಯ, ಫ್ಲ್ಯಾಟಿನ ಮೆಟ್ಟಿಲು, ಇದೇನು ಸಂಸಾರದ ಸೀರಿಯಲ್ಲೇ ಎಂದರು. ಈ ಕೊನೆಯ ದೂರನ್ನು ನಾನು ಒಪ್ಪುವುದಿಲ್ಲ. ಮನೆ ಬಿಟ್ಟು ಹೋದವಳಿಗಾಗಿ ಕಾಯುವ ತಾಯಿ ಇದ್ದಾಗಲೇ ಕಾಲಯಾನಕ್ಕೆ ತೂಕ ಬರುತ್ತದೆ. ರೋಸ್ ಹನ್ನೆರಡು ಗಂಟೆ ಕಳೆದಿದೆ ಅಂದುಕೊಂಡು ಮರಳಿದರೆ ಊರಲ್ಲಿ ಹನ್ನೆರಡು ತಿಂಗಳು ಕಳೆದಿರುತ್ತದೆ, ಗೋಡೆ ಗೋಡೆಯಲ್ಲಿ ಅವಳು ಕಾಣೆಯಾದ ಪೋಸ್ಟರ್. ಹಳೆಯ ಇಪ್ಪತ್ತಾರು ವರ್ಷದಲ್ಲಿ ಹೀಗೆ ನೋಯಿಸಿದ ದೃಶ್ಯಗಳು ಕಡಿಮೆ.

ದೊಡ್ಡ ಪೆಟ್ಟು ಬೇರೆಯದಿತ್ತು. ಡಾಕ್ಟರನ ಊರಾದ ಗ್ಯಾಲಿಫ್ರೇ ಗ್ರಹವನ್ನೇ ಡೇವಿಸ್ ಯುದ್ಧದಲ್ಲಿ ಸುಟ್ಟುಹಾಕಿಬಿಟ್ಟರು. ಅವನ ಜನರೆಲ್ಲ ಸತ್ತರು, ಇವನೊಬ್ಬನೇ ಉಳಿದ. ದಶಕಗಳ ಕಥೆಯನ್ನು ಒಂದೇ ಏಟಿಗೆ ಬೂದಿ ಮಾಡಿದರಲ್ಲ ಎಂದು ನೊಂದವರಿದ್ದರು. ನನಗೆ ಇದು ಅಭಿಮಾನಿಯೊಬ್ಬನಿಗೆ ಮಾತ್ರ ಹೊಳೆಯಬಹುದಾದ ಯೋಚನೆ ಅನ್ನಿಸುತ್ತದೆ. ಕಳೆದುಹೋದ ಊರನ್ನು ತಲೆಯಲ್ಲಿ ಹೊತ್ತುಕೊಂಡು, ಅದರ ಹೆಸರೂ ಗೊತ್ತಿಲ್ಲದವರ ನಡುವೆ ಒಂಟಿಯಾಗಿ ತಿರುಗುವವನು ಯಾರು? ಆ ಹದಿನಾರು ವರ್ಷ ಅವರೆಲ್ಲ ಬದುಕಿದ್ದು ಹಾಗೆಯೇ.

ಏಪ್ರಿಲ್ 30ರಂದು ಡಾಲೆಕ್ ಬಂತು. ಅಮೆರಿಕದ ಯೂಟಾದ ನೆಲದಡಿ ಸರಪಳಿಯಲ್ಲಿ ಕಟ್ಟಿಹಾಕಿದ ಒಂದೇ ಒಂದು. ಗಾಲಿಯ ಡಬ್ಬಿಯಂಥ ಈ ಶತ್ರುವಿನಿಂದ ತಪ್ಪಿಸಿಕೊಳ್ಳಲು ಮೆಟ್ಟಿಲು ಹತ್ತಿದರಾಯಿತು ಎಂಬುದು ಇಡೀ ಬ್ರಿಟನ್ನಿನ ಹಳೆಯ ತಮಾಷೆ. ಕಂತಿನಲ್ಲಿ ಜನ ಮೆಟ್ಟಿಲು ಹತ್ತಿ ನಿಂತು ಅದನ್ನು ಅಣಕಿಸುತ್ತಾರೆ. ಅದು ಸುಮ್ಮನೆ ಮೇಲಕ್ಕೆ ತೇಲಿ ಬರುತ್ತದೆ. ಹೊಸ ನೋಡುಗರು ಬೆಚ್ಚಿದರು. ಹಳಬರು ಕೈಯೆತ್ತಿ ತಿದ್ದಿದರು: ಡಾಲೆಕ್ 1988ರಲ್ಲೇ ಮೆಟ್ಟಿಲು ಹತ್ತಿತ್ತು, ನೀವು ಯಾರೂ ನೋಡಲಿಲ್ಲ, ನಾವು ನೋಡಿದ್ದೆವು. ಆ ಮಾತಿನಲ್ಲಿ ಜಂಭ ಕಾಣುವವರಿಗೆ ಕಾಣಲಿ, ನನಗೆ ಕೇಳುವುದು ಎಲ್ಲರೂ ಎದ್ದುಹೋದ ಮೇಲೂ ಕೊನೆಯವರೆಗೆ ಕೂತಿದ್ದವರ ದನಿ.

ಈಗ ಸಿಟ್ಟಿನ ಕಡೆಗೆ ಬರುತ್ತೇನೆ. 1986ರ ಡಿಸೆಂಬರ್‌ನಲ್ಲಿ ಬಿಬಿಸಿಯ ‘ಓಪನ್ ಏರ್’ ಎಂಬ ಕಾರ್ಯಕ್ರಮದಲ್ಲಿ ಕೆಲವು ಅಭಿಮಾನಿಗಳು ಮಾತಾಡಿದರು. ಅವರಲ್ಲಿ ಹದಿನಾರರ ಕ್ರಿಸ್ ಚಿಬ್ನಾಲ್ ಎಂಬ ಹುಡುಗ, ಆ ವರ್ಷದ ಕಥೆಯನ್ನು ಬರೆದ ಪಿಪ್ ಮತ್ತು ಜೇನ್ ಬೇಕರ್ ದಂಪತಿಗೇ ನೇರವಾಗಿ, ಇದು ಇನ್ನೂ ಚೆನ್ನಾಗಿರಬಹುದಿತ್ತು, ಹಳಸಲಾಗಿದೆ ಎಂಬರ್ಥದ ಮಾತು ಹೇಳಿದ. ಆ ತುಣುಕು ಈಗಲೂ ನೋಡಸಿಗುತ್ತದೆ. ಮೂವತ್ತೆರಡು ವರ್ಷದ ನಂತರ, 2018ರಲ್ಲಿ, ಧಾರಾವಾಹಿಯ ಹೊಣೆ ಹೊತ್ತವರು ಅದೇ ಚಿಬ್ನಾಲ್. ಮೊದಲ ಬಾರಿಗೆ ಡಾಕ್ಟರನ ಪಾತ್ರ ಒಬ್ಬ ಹೆಂಗಸಿಗೆ, ಜೋಡಿ ವಿಟ್ಟೇಕರ್ ಅವರಿಗೆ, ಹೋಯಿತು. 2020ರಲ್ಲಿ ಡಾಕ್ಟರನ ಹುಟ್ಟಿನ ಕಥೆಯನ್ನೇ ಚಿಬ್ನಾಲ್ ತಿರುಗಿಸಿಟ್ಟರು. ಹಾರ್ಟ್‌ನೆಲ್‌ಗಿಂತ ಮುಂಚೆಯೂ ಡಾಕ್ಟರನಿಗೆ ಎಷ್ಟೋ ಜನ್ಮಗಳಿದ್ದವು ಎಂದರು. ತಾವು ಹದಿನಾರರಲ್ಲಿ ಆಡಿದ ಮಾತುಗಳು ಸಾವಿರ ಬಾಯಿಂದ ಅವರಿಗೇ ತಿರುಗಿ ಬಂದವು.

ಆ ಸಾವಿರ ಬಾಯಿಗಳನ್ನು ನಾನು ಒಂದೇ ಸಮ ತೂಗುವುದಿಲ್ಲ. ಮೊದಲ ಡಾಕ್ಟರನ ಮೇಲಿನ ಗೌರವದಿಂದ ನೊಂದುಕೊಂಡವರ ಮಾತು ಬೇರೆ. ಹೆಂಗಸು ಡಾಕ್ಟರ್ ಆಗಕೂಡದು ಎಂದವರ ಮಾತು ಬೇರೆ. ಮೊದಲನೆಯವರು ಮನೆ ಕಾಯುತ್ತಿದ್ದರು, ಎರಡನೆಯವರು ಬಾಗಿಲಿಗೆ ಬೀಗ ಜಡಿಯುತ್ತಿದ್ದರು. ಮೈ ಬದಲಿಸುವುದೇ ಹುಟ್ಟುಗುಣವಾದ ಪಾತ್ರಕ್ಕೆ ಇಂಥದ್ದೇ ಮೈ ಎಂದು ಗೆರೆ ಎಳೆಯುವುದು ಅಭಿಮಾನವಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಗೊಣಗಿದವರೂ ಹೊಗಳಿದವರೂ ಮುಂದೆ ಅದನ್ನೇ ಕಟ್ಟುವವರಾದರು ಎಂಬುದು ಈ ಧಾರಾವಾಹಿಯ ವಿಶೇಷ. 1974ರಲ್ಲಿ ಗ್ಲಾಸ್ಗೋ ಹತ್ತಿರದ ಒಬ್ಬ ಹದಿನೈದರ ಹುಡುಗ ‘ರೇಡಿಯೊ ಟೈಮ್ಸ್’ ಪತ್ರಿಕೆಗೆ ಪತ್ರ ಬರೆದು ಅವರ ಡಾಕ್ಟರ್ ಹೂ ವಿಶೇಷ ಸಂಚಿಕೆಯನ್ನು ಮೆಚ್ಚಿಕೊಂಡಿದ್ದ. ಪತ್ರದ ಕೆಳಗಿನ ಹೆಸರು ಪೀಟರ್ ಕಪಾಲ್ಡಿ. 2013ರಲ್ಲಿ ಆತನೇ ಡಾಕ್ಟರ್.

ಅದೇ 2013ರಲ್ಲಿ ಇನ್ನೊಂದು ನಡೆಯಿತು. ನೈಜೀರಿಯಾದ ಜೋಸ್ ಎಂಬ ಊರಿನಲ್ಲಿ ಕಳೆದುಹೋದ ಹಳೆಯ ಟೀವಿ ಕಾರ್ಯಕ್ರಮಗಳನ್ನು ಅರಸುವ ಫಿಲಿಪ್ ಮಾರಿಸ್ ಎಂಬವರು ಹುಡುಕಿ ತೆಗೆದಿದ್ದ ಫಿಲ್ಮ್ ಡಬ್ಬಿಗಳಿಂದ ಒಂಬತ್ತು ಕಂತುಗಳು ಮರಳಿದವು. ಅವುಗಳಿಂದ ‘ದಿ ಎನಿಮಿ ಆಫ್ ದಿ ವರ್ಲ್ಡ್’ ಎಂಬ ಕಥೆ ಪೂರ್ತಿಯಾಯಿತು. ಬರೀ ಧ್ವನಿ ಮತ್ತು ಒಂದೇ ಒಂದು ಉಳಿದ ಕಂತನ್ನು ನಂಬಿ ಎಷ್ಟೋ ಅಭಿಮಾನಿಗಳು ಅದನ್ನು ಸಾಧಾರಣ ಎಂದು ಬದಿಗಿಟ್ಟಿದ್ದರು. ನೋಡಿದ ಮೇಲೆ ತಮ್ಮ ತೀರ್ಪನ್ನು ತಾವೇ ತಿದ್ದಿಕೊಂಡರು. ಟೂಂಬ್‌ಗೆ ಆದದ್ದು ಇಲ್ಲಿ ತಿರುವುಮುರುವಾಯಿತು.

ಈ ‘ಎನಿಮಿ’ಯ ಮೊದಲ ಕಂತು ಪ್ರಸಾರವಾಗಿದ್ದು 1967ರ ಡಿಸೆಂಬರ್ 23ರಂದು. ನಾನು ಆರಂಭದಲ್ಲಿ ಹೇಳಿದ ಹುಡುಗ ಮೈಕು ಹಿಡಿದಿದ್ದ ಸಂಜೆ. 2013ರಲ್ಲಿ ಅವನಿಗೆ ಅರವತ್ತರ ಹತ್ತಿರ ವಯಸ್ಸು. ಟೇಪಿನಲ್ಲಿ ಡಾಕ್ಟರನ ಮಾತು, ನೀರಿನ ಸದ್ದು, ಹೆಲಿಕಾಪ್ಟರಿನ ಸದ್ದು ಇಷ್ಟನ್ನೇ ಅವನು ನಲವತ್ತೈದು ವರ್ಷ ಕೇಳಿದ್ದಾನೆ. ಈಗ ಪರದೆ ಬೆಳಗುತ್ತದೆ. ಕಡಲತೀರ, ಮೋಡ ಮುಚ್ಚಿದ ಆಕಾಶ. ಹಾರ್ಟ್‌ನೆಲ್ ನಂತರ ಡಾಕ್ಟರನಾದ ಪ್ಯಾಟ್ರಿಕ್ ಟ್ರೌಟನ್ ಮೇಲಂಗಿ ಬಿಚ್ಚಿ, ಒಳಬಟ್ಟೆಯಲ್ಲೇ, ಚಿಕ್ಕ ಮಗುವಿನ ಹಾಗೆ ಕುಣಿಯುತ್ತ ಕಡಲಿಗೆ ಓಡುತ್ತಾನೆ.